ಬೆರಗು ತಾನಾಗಿ ಬರಲಿ

ತುಮಕೂರು

ಪ್ರೀತಿಯ ತಂಗಿಗೆ,

ಬಹುತೇಕ ಎಲ್ಲವನ್ನೂ ತೂರಿಹೋಗುವ ಪುಟ್ಟ ಕಣ ನ್ಯೂಟ್ರಿನೊ ಬಗ್ಗೆ ನೀನು ಬರೆದ ಲೇಖನ ಓದಿ ತುಂಬಾ ಖುಷಿಯಾಯಿತು. ಆದರೆ ಮೊದಲ ಪುಟದಲ್ಲೇ 'ಭೂತಕಣ', 'ನಿಗೂಢ', 'ಊಹೆಗೂ ನಿಲುಕದ' ಎಲ್ಲ ಬಂದುಬಿಟ್ಟಿವೆ. ತೆಗೆದುಹಾಕು. ಕೆಲಸ ಹೇಗೆ ನಡೆಯಿತು ಅಂತ ಬಿಡಿಸಿ ಹೇಳಿದರೆ ಓದುವವರಿಗೆ ಬೆರಗು ತಾನಾಗೇ ಆಗುತ್ತದೆ.

ನೀನು ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡೆಗಳನ್ನು, ನೋಡುತ್ತಾ ಬೆಳೆದವಳು. ಅಲ್ಲಿಂದಲೇ ಶುರುಮಾಡಬಹುದಲ್ವಾ? 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ನೀನು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅವರ ಜಾಣತನ ನೋಡು. ಆಕಾಶದಿಂದ ಬರುವ ಮ್ಯೂಆನ್ ಕಣಗಳನ್ನು (ಎಲೆಕ್ಟ್ರಾನಿನಂಥವೇ, ಆದರೆ ಹೆಚ್ಚು ಭಾರದವು) ಬಂಡೆ ಬಹುಪಾಲು ತಡೆಯುತ್ತದೆ. ದಾಟಿ ಬರುವ ಕೆಲವು ನೆತ್ತಿಯ ಕಡೆಯಿಂದಲೇ ಇಳಿಯುತ್ತವೆ. ಓರೆಯಾಗಿ ಬಂದರೆ ಬಂಡೆ ಇನ್ನೂ ಜಾಸ್ತಿ. ಹಾಗಾಗಿ ಅವರು ಉಪಕರಣಗಳನ್ನು ಗೋಡೆ ಥರ ನಿಲ್ಲಿಸಿದರು. ಅಡ್ಡಡ್ಡ ಹಾದ ಮ್ಯೂಆನ್ ಸಿಕ್ಕರೆ, ಅದು ನ್ಯೂಟ್ರಿನೊ ಬಡಿದು ಅಲ್ಲೇ ಸುತ್ತಲ ಬಂಡೆಯಲ್ಲಿ ಹುಟ್ಟಿದ್ದು!

ಊರಿನ ಅಭಿಮಾನದಲ್ಲಿ ಒಂದು ಮಾತೂ ಹೆಚ್ಚಾಗಬಾರದು. ನ್ಯೂಟ್ರಿನೊ ತನ್ನ ಮೂರು ಬಗೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಕೊಟ್ಟಿದ್ದು 1998ರಲ್ಲಿ ಜಪಾನಿನ ನ್ಯೂಟ್ರಿನೊ ಪ್ರಯೋಗ ಸೂಪರ್-ಕಾಮಿಯೊಕಾಂಡೆ. ಮೇಲಿನಿಂದ ಬಂದ ಮ್ಯೂಆನ್ ನ್ಯೂಟ್ರಿನೊಗಳು (ಆ ಮೂರರಲ್ಲಿ ಒಂದು ಬಗೆ) ಲೆಕ್ಕಕ್ಕೆ ಸರಿಯಾಗಿದ್ದವು. ಭೂಮಿಯ ಆಚೆ ಬದಿಯಿಂದ ತೂರಿ ಬಂದವು ಸುಮಾರು ಅರ್ಧ ಮಾತ್ರ. ಭೂಮಿ ಅವನ್ನು ತಡೆದಿರಲಿಲ್ಲ. ಅಷ್ಟು ದೂರದ ದಾರಿಯಲ್ಲಿ ಉಳಿದವು ಬೇರೆ ಬಗೆಯ ನ್ಯೂಟ್ರಿನೊ ಆಗಿದ್ದವು. ಹಾಗೆ ಬದಲಾಗಬೇಕಾದರೆ ಚೂರಾದರೂ ದ್ರವ್ಯರಾಶಿ ಇರಬೇಕು. ಮೂಲಕಣಗಳನ್ನೂ ಅವುಗಳ ನಡುವಿನ ಬಲಗಳನ್ನೂ ವಿವರಿಸುವ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್ ಕಟ್ಟಿದವರು ಅದನ್ನು ಸೊನ್ನೆ ಅಂತಲೇ ಇಟ್ಟುಕೊಂಡಿದ್ದರು.

ಇಲ್ಲಿ ನೀನು 'ಸ್ಟ್ಯಾಂಡರ್ಡ್ ಮಾಡೆಲ್ ಕುಸಿಯಿತು' ಅಂತ ಬರೆದಿದ್ದೀಯ. ಕುಸಿದಿಲ್ಲ ಕಣಮ್ಮಾ. ಪ್ರಯೋಗದ ಎದುರು ಅದರ ಲೆಕ್ಕಗಳು ಬಹಳ ಕಡೆ ಇವತ್ತಿಗೂ ಗಟ್ಟಿಯಾಗಿ ನಿಂತಿವೆ. ಈ ಜಾಗದಲ್ಲಿ ಮಾತ್ರ ಅದಕ್ಕೆ ಏನನ್ನೋ ಸೇರಿಸಲೇಬೇಕು. ಅದೇನು ಅನ್ನೋದೇ ಈಗಿನ ಹುಡುಕಾಟ. ಎಲೆಕ್ಟ್ರಾನಿಗೆ ಪಾಸಿಟ್ರಾನ್ ಇರುವ ಹಾಗೆ ಕಣಗಳಿಗೆ ಎದುರು ಜೋಡಿಯಾದ ಪ್ರತಿಕಣ ಇರುತ್ತದೆ; ನ್ಯೂಟ್ರಿನೊ ತನಗೆ ತಾನೇ ಪ್ರತಿಕಣವೂ ಆಗಿದ್ದರೆ, ಕೆಲವು ಪರಮಾಣು ಬೀಜಗಳಿಂದ ಎರಡು ಎಲೆಕ್ಟ್ರಾನ್ ಹೊರಬಂದು ನ್ಯೂಟ್ರಿನೊ ಒಂದೂ ಬಾರದಂಥ ಕ್ಷಯ ಕಾಣಬೇಕು. ಇನ್ನೂ ಖಚಿತವಾಗಿ ಕಂಡಿಲ್ಲ. ನಿನ್ನ ಲೇಖನದಲ್ಲಿ ಇದರ ಮಾತೇ ಇಲ್ಲ. ಕೊನೆಯ ಎರಡು ಪ್ಯಾರಾ ತೆಗೆದು ಆ ಜಾಗ ಇದಕ್ಕೆ ಕೊಡು. ತಿದ್ದಿ ಕಳಿಸು, ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಣ್ಣ