ಕಾರಂಜಿಗಿಂತ ಮೊದಲು ಕೊಳವೆ ಬದಲಿಸಿ

ಮಾನ್ಯ ಸಂಪಾದಕರೇ,

ಬಜೆಟ್ ರೂಪಿಸುವಾಗ ನಮ್ಮ ಭಾಗದ ನಗರಾಡಳಿತಗಳು ಕುಡಿಯುವ ನೀರು, ಒಳಚರಂಡಿಗಿಂತ ಸ್ವಾಗತ ಕಮಾನು, ಬಣ್ಣದ ದೀಪ, ಕಾರಂಜಿಗಳಿಗೆ ಆದ್ಯತೆ ನೀಡುತ್ತಿರುವುದು ಸರಿಯಲ್ಲ. ಕೃಷ್ಣೆ ಜಿಲ್ಲೆಯಲ್ಲೇ ಹರಿದರೂ ವಿಜಯಪುರದ ಹಲವು ಓಣಿಗಳ ನಳಗಳಿಗೆ ನೀರು ಬರುವುದು ಕೆಲವು ದಿನಗಳಿಗೊಮ್ಮೆ. ಬಂದಾಗಲೂ, ಗಟಾರದೊಳಗೇ ಹಾಯ್ದ ಹಳೆಯ ಪೈಪಿನ ಬಿರುಕಿನಿಂದ ಹೊಲಸು ನೀರು ಸೇರಿಕೊಂಡಿರುವುದರಿಂದ ಮೊದಲ ಕೊಡಗಳನ್ನು ಚೆಲ್ಲಲೇಬೇಕು. (ಕಾರಂಜಿಗೂ ನೀರು ಬೇಕೆಂಬುದು ಬೇರೆ ಮಾತು.) 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ, ವಿಜಯಪುರ, ಬೆಳಗಾವಿ ಎರಡೂ 2011ರ ಜನಗಣತಿಯಲ್ಲೇ ಆ ಮಿತಿ ದಾಟಿವೆ. ಬಜೆಟ್ ಅಂಗೀಕಾರಕ್ಕೆ ಮುನ್ನ ಕಾಮಗಾರಿಗಳ ಪಟ್ಟಿಯನ್ನು ಈ ಸಮಿತಿಗಳ ಮುಂದಿಟ್ಟು, ಕೊಳವೆ ಬದಲಾವಣೆಗೆ ಹಣ ತೆಗೆದಿರಿಸಿದ ನಂತರವೇ ಅಲಂಕಾರದ ಕೆಲಸಗಳಿಗೆ ಟೆಂಡರ್ ಕರೆಯಬೇಕು.

– ಓದುಗ, ವಿಜಯಪುರ