ಫೋನ್ ಕದ್ದಾಲಿಕೆಗೆ ನ್ಯಾಯಾಧೀಶರ ಅನುಮತಿ ಬೇಕು: ಕಲಬುರಗಿ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಾನು ಕಲಬುರಗಿಯಲ್ಲಿ ವಕೀಲಿ ಮಾಡುತ್ತೇನೆ. ಆಳಂದ, ಜೇವರ್ಗಿ, ಸೇಡಂ ಕಡೆಯ ಕಕ್ಷಿದಾರರು ತಮ್ಮ ಸಂಕಟವನ್ನು ಮೊದಲು ಹೇಳಿಕೊಳ್ಳುವುದು ಫೋನಿನಲ್ಲಿ. ಆ ಮಾತನ್ನು ಸರ್ಕಾರ ಕೇಳಿಸಿಕೊಳ್ಳಬಹುದೇ ಎಂಬುದನ್ನು ನಮ್ಮ ದೇಶದಲ್ಲಿ ಯಾವ ನ್ಯಾಯಾಧೀಶರೂ ತೀರ್ಮಾನಿಸುವುದಿಲ್ಲ. ಅದಕ್ಕಾಗಿ ಈ ಪತ್ರ.

ಪೊಲೀಸರು ತುರ್ತಾಗಿ ವಾರಂಟ್ ಇಲ್ಲದೆ ಒಂದು ಮನೆಯನ್ನು ಶೋಧಿಸಿದರೂ, ಕಾರಣ ಬರೆದ ದಾಖಲೆಯ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಫೋನಿಗೆ ಆ ರಕ್ಷಣೆಯೂ ಇಲ್ಲ. ಗೃಹ ಕಾರ್ಯದರ್ಶಿಯ ಆದೇಶ ಸಾಕು. ಅದು 60 ದಿನ ನಡೆಯುತ್ತದೆ, 180 ದಿನಗಳವರೆಗೂ ವಿಸ್ತರಿಸಬಹುದು. ಆದೇಶವನ್ನು ಪರಿಶೀಲಿಸುವವರೂ ಅಧಿಕಾರಿಗಳೇ: ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿ ಮತ್ತು ಇನ್ನಿಬ್ಬರು ಕಾರ್ಯದರ್ಶಿಗಳು. ಕೇಂದ್ರದ ಇಂಥದೇ ಸಮಿತಿ ಎರಡು ತಿಂಗಳಿಗೊಮ್ಮೆ ಸೇರಿದಾಗ ಅದರ ಮುಂದೆ 15,000ದಿಂದ 18,000 ಆದೇಶಗಳಿರುತ್ತವೆ ಎಂದು ದತ್ತಾಂಶ ರಕ್ಷಣೆ ಕುರಿತ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರಲ್ಲಿ ಬರೆಯಿತು. ಅಷ್ಟನ್ನು ಓದಿ, ತೂಗಿ ನೋಡುವುದು ಮೂವರಿಂದ ಆಗುವ ಮಾತಲ್ಲ. ಅಲ್ಲಿ ನಡೆಯುವುದನ್ನು ಪರಿಶೀಲನೆ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಕದ್ದಾಲಿಕೆಯ ಆರೋಪದಿಂದ 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನವನ್ನೇ ಬಿಟ್ಟ ರಾಜ್ಯ ನಮ್ಮದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಸಾರಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆದರೆ ಆ ಹಕ್ಕನ್ನು ಕೇಳುವುದು ಹೇಗೆ? ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆ, ನಿಜ. ತನ್ನ ಫೋನನ್ನು ಆಲಿಸಲಾಗುತ್ತಿದೆ ಎಂದು ಗೊತ್ತೇ ಆಗದ ತೊಗರಿ ಬೆಳೆಗಾರರ ಮುಖಂಡನಾಗಲಿ ಪತ್ರಕರ್ತೆಯಾಗಲಿ ಅಲ್ಲಿ ಯಾವ ಆದೇಶವನ್ನು ಪ್ರಶ್ನಿಸಬೇಕು?

ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಕದ್ದಾಲಿಕೆ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಕಾನೂನಿನಲ್ಲಿ ಅವಕಾಶವಿಲ್ಲದೆ ನ್ಯಾಯಾಂಗದ ಪೂರ್ವಪರಿಶೀಲನೆಯನ್ನು ತಾನೇ ಸೇರಿಸಲಾಗದು ಎಂದಿತು. ಅಂದರೆ ಅದು ಸಂಸತ್ತು ಮಾಡಬೇಕಾದ ಕೆಲಸ. 1885ರ ಟೆಲಿಗ್ರಾಫ್ ಕಾಯ್ದೆಯ ಬದಲಿಗೆ ಹೊಸ ದೂರಸಂಪರ್ಕ ಮಸೂದೆ ಬಂದದ್ದು 2023ರ ಡಿಸೆಂಬರ್ 18ರಂದು. 21ರ ಹೊತ್ತಿಗೆ ಎರಡೂ ಸದನಗಳಲ್ಲಿ ಅಂಗೀಕಾರವಾಯಿತು. ನೂರಕ್ಕೂ ಹೆಚ್ಚು ಸದಸ್ಯರು ಅಮಾನತುಗೊಂಡ ಆ ನಾಲ್ಕು ದಿನಗಳಲ್ಲಿ ಬ್ರಿಟಿಷರ ಕಾಲದ ಲೋಪ ಹಾಗೆಯೇ ಉಳಿದು, ಹೊಸ ಕಾಯ್ದೆಯ ಕಲಂ 20(2)ಕ್ಕೆ ಬಂದು ಸೇರಿತು. ಇದು ನನ್ನನ್ನು ಇಂದಿಗೂ ಬಾಧಿಸುತ್ತದೆ.

ಅಪಹರಣ, ಭಯೋತ್ಪಾದನೆಯಂಥ ಪ್ರಕರಣಗಳಲ್ಲಿ ತಡವಾದರೆ ಜೀವ ಹೋಗುತ್ತದೆ, ಒಪ್ಪುತ್ತೇನೆ. ಬ್ರಿಟನ್ನಿನ 2016ರ ಕಾನೂನು ಅದಕ್ಕೂ ದಾರಿ ಇಟ್ಟಿದೆ. ಸಚಿವರು ಹೊರಡಿಸುವ ವಾರಂಟಿಗೆ ನ್ಯಾಯಿಕ ಆಯುಕ್ತರ (ಹಿರಿಯ ನ್ಯಾಯಾಧೀಶರಾಗಿರುವ ಅಥವಾ ಆಗಿದ್ದವರ) ಒಪ್ಪಿಗೆ ಬೇಕು. ತುರ್ತಿದ್ದರೆ ಮೊದಲು ಆಲಿಸಿ, ಮೂರು ಕೆಲಸದ ದಿನಗಳೊಳಗೆ ಆ ಒಪ್ಪಿಗೆ ಪಡೆಯಬೇಕು.

ಕಲಂ 20ಕ್ಕೆ ತಿದ್ದುಪಡಿ ಕೋರುವ ಖಾಸಗಿ ಮಸೂದೆಯನ್ನು ಮುಂದಿನ ಅಧಿವೇಶನದಲ್ಲಿ ತಾವು ಮಂಡಿಸಬೇಕು. ನ್ಯಾಯಾಧೀಶರ ಪೂರ್ವಾನುಮತಿಯ ಜೊತೆಗೆ, ತನಿಖೆ ಮುಗಿದ ಮೇಲೆ ಸಂಬಂಧಪಟ್ಟವರಿಗೆ ತಿಳಿಸುವ ಹೊಣೆಯೂ ಅದರಲ್ಲಿರಲಿ. ಕರಡು ಸಿದ್ಧಪಡಿಸಲು ನನ್ನಂಥ ವಕೀಲರ ನೆರವು ಬೇಕಿದ್ದರೆ ತಮ್ಮ ಕಚೇರಿಗೆ ಬರಲು ಸಿದ್ಧನಿದ್ದೇನೆ. ತಮ್ಮ ಲಿಖಿತ ಉತ್ತರವನ್ನು ಎದುರುನೋಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಲಬುರಗಿಯ ಒಬ್ಬ ವಕೀಲ, ತಮ್ಮ ಮತದಾರ