ನೌಕಾಪಡೆಯ ಚೇತಕ್‌ಗಳ ನಿವೃತ್ತಿಗೆ ದಿನಾಂಕ ಗೊತ್ತುಮಾಡಿ: ರಕ್ಷಣಾ ಸಚಿವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಶ್ರೀ ರಾಜನಾಥ್ ಸಿಂಗ್ ಅವರಿಗೆ ಗೌರವಪೂರ್ವಕ ವಂದನೆಗಳು.

ಫ್ರಾನ್ಸಿನ ಅಲೂಯೆಟ್-3 ಮಾದರಿಯ ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್ 1960ರ ದಶಕದಲ್ಲಿ ತಯಾರಿಸಲು ತೊಡಗಿದ ಚೇತಕ್ ಹೆಲಿಕಾಪ್ಟರ್ ಇಂದಿಗೂ ನಮ್ಮ ಯುದ್ಧನೌಕೆಗಳ ಡೆಕ್‌ನಿಂದ ಹಾರುತ್ತಿದೆ. ಗಾಯಾಳುಗಳನ್ನು ದಡಕ್ಕೆ ತಲುಪಿಸುವುದು, ಹಡಗಿನಿಂದ ಹಡಗಿಗೆ ಸಾಮಗ್ರಿ ಸಾಗಿಸುವುದು, ವಿಮಾನವಾಹಕ ನೌಕೆಯಿಂದ ಯುದ್ಧವಿಮಾನಗಳು ಏರಿ ಇಳಿಯುವಾಗ ನೀರಿಗೆ ಬಿದ್ದ ಪೈಲಟ್‌ನನ್ನು ಎತ್ತಲು ಸಿದ್ಧವಾಗಿ ಸುಳಿದಾಡುವುದು, ಹೀಗೆ ಸುದ್ದಿಯಾಗದ ನಿತ್ಯದ ಕೆಲಸಗಳೆಲ್ಲ ಅದರ ಪಾಲಿನವು. ಅದಕ್ಕಿರುವುದು ಒಂದೇ ಎಂಜಿನ್. ನೆಲದ ಮೇಲೆ ಎಂಜಿನ್ ಕೈಕೊಟ್ಟರೆ ಪೈಲಟ್ ಒಂದು ಬಯಲನ್ನಾದರೂ ಹುಡುಕಬಹುದು. ನಡುಗಡಲಿನಲ್ಲಿ ಆ ಅವಕಾಶವೂ ಇಲ್ಲ. 2023ರ ನವೆಂಬರ್‌ನಲ್ಲಿ ಕೊಚ್ಚಿಯ ಐಎನ್‌ಎಸ್ ಗರುಡ ನೆಲೆಯಲ್ಲಿ ಚೇತಕ್ ಅವಘಡದಲ್ಲಿ ನಾವಿಕರೊಬ್ಬರು ಪ್ರಾಣ ಕಳೆದುಕೊಂಡರು. ಅದರ ಹೊಣೆಯನ್ನು ಯಂತ್ರದ ವಯಸ್ಸಿನ ಮೇಲೆಯೇ ಹೊರಿಸಲು ನಾನು ಹೊರಟಿಲ್ಲ. ಆದರೆ ಇಷ್ಟು ಹಳೆಯ ವಿನ್ಯಾಸವನ್ನು ಸಮುದ್ರದ ಉಪ್ಪುಗಾಳಿಯಲ್ಲಿ ಇನ್ನೆಷ್ಟು ಕಾಲ ದುಡಿಸಬೇಕು ಎಂದು ಕೇಳುವುದು ನಾಗರಿಕನ ಹಕ್ಕೆಂದು ನಂಬಿದ್ದೇನೆ.

ಬದಲಾವಣೆ ಅಸಾಧ್ಯವೇನಲ್ಲ. ನೌಕಾಪಡೆಯ ಹಳೆಯ ಸೀ ಕಿಂಗ್ ಹೆಲಿಕಾಪ್ಟರ್‌ಗಳ ಜಾಗಕ್ಕೆ ಅಮೆರಿಕದ 24 ಎಂಎಚ್-60ಆರ್ ಸೀಹಾಕ್ ಹೆಲಿಕಾಪ್ಟರ್‌ಗಳನ್ನು ಖರೀದಿಸಲು 2020ರಲ್ಲಿ ನಿರ್ಧಾರವಾಯಿತು, 2024ರ ಮಾರ್ಚ್‌ನಲ್ಲಿ ಕೊಚ್ಚಿಯಲ್ಲಿ ಅವುಗಳ ಮೊದಲ ತುಕಡಿ ಸೇವೆಗೆ ಸೇರಿತು. ಚೇತಕ್‌ನ ಉತ್ತರಾಧಿಕಾರಿಯ ಕಥೆ ಹಾಗಾಗಲಿಲ್ಲ. 2018ರ ಆಗಸ್ಟ್‌ನಲ್ಲಿ ರಕ್ಷಣಾ ಖರೀದಿ ಮಂಡಳಿ 21,000 ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ 111 ಹೆಲಿಕಾಪ್ಟರ್‌ಗಳಿಗೆ ಒಪ್ಪಿಗೆ ನೀಡಿತ್ತು. 16 ಹೊರಗಿನಿಂದ ಬರಬೇಕಿತ್ತು, 95 ಇಲ್ಲಿಯೇ ತಯಾರಾಗಬೇಕಿತ್ತು. ವಿದೇಶಿ ಸಹಭಾಗಿತ್ವವೋ, ಎಚ್‌ಎಎಲ್‌ನದೇ ಧ್ರುವ್ ಹೆಲಿಕಾಪ್ಟರ್‌ನಿಂದ ರೂಪಿಸಿದ ಮಾದರಿಯೋ ಎಂಬ ಜಗ್ಗಾಟದಲ್ಲಿ ವರ್ಷಗಳು ಸವೆದವು.

ಕನ್ನಡಿಗನಾಗಿ ಎಚ್‌ಎಎಲ್ ಬಗ್ಗೆ ನನಗೆ ಅಭಿಮಾನವಿದೆ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆಗೆ ಈ ಕೆಲಸ ಸಿಕ್ಕರೆ ಸಂತೋಷಪಡುವವರಲ್ಲಿ ನಾನೂ ಒಬ್ಬ. ಆದರೂ ಅಭಿಮಾನವನ್ನು ಅಳತೆಗೋಲು ಮಾಡಿಕೊಳ್ಳಲಾಗದು. ಹಡಗಿನಲ್ಲಿ ಚೇತಕ್‌ನ ಅಳತೆಗೆ ಕಟ್ಟಿದ ಹ್ಯಾಂಗರ್‌ನೊಳಗೆ (ಹೆಲಿಕಾಪ್ಟರ್ ನಿಲ್ಲಿಸುವ ಕೊಠಡಿಯೊಳಗೆ) ಅದಕ್ಕಿಂತ ದೊಡ್ಡದಾದ ಧ್ರುವ್ ಹಿಡಿಸಬೇಕಾದರೆ ರೋಟರ್ ಬ್ಲೇಡ್‌ಗಳು ಅಚ್ಚುಕಟ್ಟಾಗಿ ಮಡಚಿಕೊಳ್ಳಬೇಕು, ಮತ್ತು ಕೀಲುಗಳಿಲ್ಲದ ಧ್ರುವ್‌ನ ಬಿಗಿ ರೋಟರ್‌ಗೆ ಅದೇ ಮೊದಲಿನಿಂದಲೂ ಕಠಿಣ ಸವಾಲು. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ್ ಪತನಗೊಂಡು ಮೂವರು ಮೃತಪಟ್ಟ ಬಳಿಕ ಮೂರೂ ಸೇನೆಗಳ ಧ್ರುವ್‌ಗಳು ಹಾರಾಟ ನಿಲ್ಲಿಸಿದವು. ಮೇ ತಿಂಗಳಲ್ಲಿ ಭೂಸೇನೆ, ವಾಯುಪಡೆಗಳಿಗೆ ಅನುಮತಿ ಸಿಕ್ಕಾಗಲೂ ನೌಕಾಪಡೆ ಕಾಯಬೇಕಾಯಿತು. ಕಡಲಿನ ಪರೀಕ್ಷೆ ಬೇರೆಯೇ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಆದ್ದರಿಂದ ನನ್ನ ವಿನಂತಿ ಇಷ್ಟು. ಎಚ್‌ಎಎಲ್‌ನ ನೌಕಾ ಮಾದರಿಗೆ ನಿಶ್ಚಿತ ಗಡುವು ಕೊಟ್ಟು, ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ಸಣ್ಣ ಹಡಗೊಂದರ ಡೆಕ್ ಮೇಲೆಯೇ ಅದನ್ನು ಇಳಿಸಿ, ಮಡಚಿ, ಹ್ಯಾಂಗರ್‌ಗೆ ಸೇರಿಸಿ ಪರೀಕ್ಷಿಸಬೇಕು. ಗೆದ್ದರೆ ತಡಮಾಡದೆ ಆದೇಶ ನೀಡಬೇಕು. ಸೋತರೆ ಅದೇ ವರ್ಷ ಇತರರ ಎರಡು ಎಂಜಿನ್‌ಗಳ ಹೆಲಿಕಾಪ್ಟರ್‌ಗೆ ಒಪ್ಪಂದ ಮಾಡಿಕೊಳ್ಳಬೇಕು. ಯಾವ ದಾರಿ ಹಿಡಿದರೂ ನೌಕಾಪಡೆಯ ಕೊನೆಯ ಚೇತಕ್ ಯಾವ ವರ್ಷ ನಿವೃತ್ತವಾಗುತ್ತದೆ ಎಂಬುದನ್ನು ಮುಂದಿನ ಅಧಿವೇಶನದಲ್ಲಿ ತಾವೇ ಸಂಸತ್ತಿಗೆ ತಿಳಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ನಾಗರಿಕ